ಪದ, ಪ್ಲೇಟು, ಸಾಂಗು

ಕನ್ನಡದ ಮಾತಿನಲ್ಲಿ ಇಂಗ್ಲಿಷ್ ಶಬ್ದಗಳು ದಿನೇದಿನೇ ಹೆಚ್ಚುತ್ತಿವೆಯೆಂಬ ಕೊರಗು ನಮ್ಮ ವಿದ್ಯಾವಂತರಲ್ಲಿ ಹೊಸದಲ್ಲ. ಕೊರಗುವವರೂ ಹತ್ತು ಮಾತನಾಡುವುದರೊಳಗೆ ನಾಲ್ಕು ಇಂಗ್ಲಿಷ್ ಶಬ್ದಗಳನ್ನು ಬಳಸಿಯೇ ಬಳಸುವರು. ಈ ಕೊರಗಿನಲ್ಲಿ ನಿಜವೆಷ್ಟು, ಭ್ರಮೆಯೆಷ್ಟು ಎಂದು ತೂಗಿ ನೋಡಲು ಇಂದು ನಾವು ಒಂದು ಚಿಕ್ಕ ತಕ್ಕಡಿಯನ್ನು ಆರಿಸಿಕೊಂಡಿದ್ದೇವೆ. ಜನರು ಮೆಚ್ಚಿ ಹಾಡುವ, ಮೆಚ್ಚಿ ಕೇಳುವ ಹಾಡುಗಳೇ ಆ ತಕ್ಕಡಿ. ಪರೀಕ್ಷೆಗೆ ಆರಿಸಿಕೊಂಡ ನೆಲ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ಎಂಬ ನೆರೆಹೊರೆಯ ತಾಲ್ಲೂಕುಗಳು. ಮಲೆನಾಡು ಬಯಲುನಾಡಿಗೆ ಕೈಕೊಡುವ ಈ ಎಡೆಯಲ್ಲಿ ಭಾಷೆಯ ಬರವು ಹೋಗುಗಳು ಕಲ್ಲಿನಲ್ಲಿಯೂ ಕೊರಳಿನಲ್ಲಿಯೂ ಉಳಿದಿರುವುದೇ ಈ ಆಯ್ಕೆಗೆ ಕಾರಣ.

ಮೊದಲು ಊರಿನ ಹೆಸರುಗಳನ್ನೇ ನೋಡೋಣ. ಶಿಕಾರಿಪುರಕ್ಕೆ ಹಿಂದೆ ಮಳಿಯನಹಳ್ಳಿಯೆಂದು ಹೆಸರಿದ್ದು, ಕೆಳದಿಯ ಅರಸರ ಕಾಲದಲ್ಲಿ ಮಹಾದಾನಪುರವಾಯಿತೆಂದೂ, ಬೇಟೆಯ ಪ್ರಾಣಿಗಳು ಹೇರಳವಾಗಿದ್ದುದರಿಂದ ಹೈದರ್-ಟಿಪ್ಪುಗಳ ಕಾಲದಲ್ಲಿ ಶಿಕಾರಿಪುರವಾಯಿತೆಂದೂ ಪ್ರತೀತಿ. ಶಿಕಾರಿ ಪಾರಸೀಕದಿಂದ ಬಂದ ಮಾತು, ಪುರ ಸಂಸ್ಕೃತದ್ದು. ಇವೆರಡನ್ನು ಬೆಸೆದು ನಾಲಗೆಗೆ ಒಗ್ಗಿಸಿಕೊಂಡವನು ಕನ್ನಡಿಗ. ದಂಡಾವತಿಯ ದಡದ ಸೊರಬವು ಸುರಭಿಯೆಂಬ ಶಬ್ದದಿಂದ ಬಂದುದೆಂದು ಹೇಳುವರು. ಕಾಮಧೇನುವಿನ ಹೆಸರು ರೈತನ ಬಾಯಲ್ಲಿ ಸವೆದು ಸವೆದು ಸೊರಬವಾಯಿತು. ಒಂದು ಊರು ಪರಭಾಷೆಯ ಶಬ್ದವನ್ನು ಹಾಗೆಯೇ ಇಟ್ಟುಕೊಂಡಿತು, ಇನ್ನೊಂದು ತನ್ನ ಹದಕ್ಕೆ ತಿದ್ದಿಕೊಂಡಿತು. ಎರಡೂ ಇಂದು ಅಚ್ಚಕನ್ನಡದ ಊರುಗಳೇ ಅಲ್ಲವೇ?

ಹಳೆಯ ಕಾಲದ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯಲ್ಲಿ ಪ್ರಾಕೃತದ ಶಾಸನವುಂಟು. ಅದೇ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ವಂಶದ ಕಥೆಯನ್ನು ಹೇಳುವ ಸಂಸ್ಕೃತದ ಸ್ತಂಭಶಾಸನವುಂಟು. ಹಲ್ಮಿಡಿಗಿಂತಲೂ ಹಿಂದಿನದೆಂದು ಕೆಲವು ವಿದ್ವಾಂಸರು ಹೇಳುವ ಕನ್ನಡದ ಬರಹವೂ ಅಲ್ಲಿಯೇ ದೊರೆತಿದೆ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವು ಆ ಮಠವನ್ನು ನಾನಾ ವ್ಯಾಕರಣಗಳ ಅಧ್ಯಯನಕ್ಕೆ ನೆಲೆಯೆಂದು ಕೊಂಡಾಡಿ, ಹಾಡುವವರಿಗೂ ವಾದ್ಯ ನುಡಿಸುವವರಿಗೂ ಅಲ್ಲಿ ಅನ್ನವಿತ್ತೆಂದು ಹೇಳುತ್ತದೆ. ವೈಯಾಕರಣನೂ ಗಾಯಕನೂ ಒಂದೇ ಪಂಕ್ತಿಯಲ್ಲಿ ಉಂಡ ಊರು ಅದು. ಅಲ್ಲಮಪ್ರಭುವು ಅಲ್ಲಿ ಮದ್ದಳೆ ಬಾರಿಸುತ್ತಿದ್ದನೆಂದು ಹರಿಹರನ ರಗಳೆ ಹೇಳುತ್ತದೆ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನದು. ಸಂಸ್ಕೃತದ ವ್ಯಾಕರಣ ನೆರೆಯಲ್ಲಿದ್ದುದರಿಂದ ಅಲ್ಲಮನ ಕನ್ನಡವಾಗಲಿ ಅಕ್ಕನ ಕನ್ನಡವಾಗಲಿ ಸೊರಗಲಿಲ್ಲ. ಆದುದರಿಂದ ಪರಭಾಷೆಯ ಶಬ್ದ ಬಂದ ಮಾತ್ರಕ್ಕೆ ನಮ್ಮ ನುಡಿ ಕೆಟ್ಟಿತೆಂದು ಹಲುಬುವುದು ಈ ನೆಲದ ಅನುಭವಕ್ಕೆ ಒಪ್ಪುವ ಮಾತಲ್ಲ.

ಹಾಗಾದರೆ ಇಂಗ್ಲಿಷಿನ ಶಬ್ದಗಳು ನಮ್ಮ ಹಾಡಿನ ಬಳಿಗೆ ಬಂದ ಬಗೆ ಹೇಗೆ? ಅವು ಯಂತ್ರದ ಬೆನ್ನೇರಿ ಬಂದುವು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಾಫೋನ್ ಕಂಪನಿಯವರು ಗೌಹರ್ ಜಾನ್ ಎಂಬ ಗಾಯಕಿಯ ಹಾಡುಗಳನ್ನು ಮುದ್ರಿಸಿಕೊಂಡರು. ಹಾಡು ಮುಗಿಯುತ್ತಲೇ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸಾರುವುದು ಆ ಮುದ್ರಿಕೆಗಳಲ್ಲಿ ಕೇಳಿಬರುತ್ತದೆ. ಅಚ್ಚುಗಳನ್ನು ಜರ್ಮನಿಯ ಹ್ಯಾನೋವರಿಗೆ ಕಳುಹಿಸಿ ತಟ್ಟೆಗಳನ್ನು ಒತ್ತಿಸಬೇಕಾಗಿತ್ತು. ಅಲ್ಲಿನ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ತಿಳಿಯಲು ಹೀಗೆ ಮಾಡಿದರಂತೆ. 1908ರ ಸುಮಾರಿಗೆ ಕಲ್ಕತ್ತೆಯಲ್ಲಿಯೇ ಕಾರ್ಖಾನೆ ತೆರೆದ ಮೇಲೆ ಆ ತಟ್ಟೆಗಳು ದೇಶದ ಮೂಲೆಮೂಲೆಗೂ ಹೋದುವು. ಹಾಡು ಮುದ್ರಣಯಂತ್ರವನ್ನು ಹೊಕ್ಕಾಗ ಕೂಡಿಕೊಂಡ ಇಂಗ್ಲಿಷು ಗಾಯಕಿಯ ಹೆಸರನ್ನು ಸಾರುವ ಒಂದು ವಾಕ್ಯವಾಗಿತ್ತೆಂಬುದನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಈ ಮಾತಿಗೆ ನಾವು ಮತ್ತೆ ಬರುವೆವು.

ಆ ಯಂತ್ರದ ಸಂಗಡ ಬಂದ ಶಬ್ದಗಳನ್ನು ಕನ್ನಡವು ಬರಮಾಡಿಕೊಂಡ ರೀತಿ ಬಹಳ ಸ್ವಾರಸ್ಯವಾದುದು. ಗ್ರಾಮಾಫೋನು, ರೆಕಾರ್ಡು, ಪ್ಲೇಟು, ಪಿನ್ನು, ಮೈಕು, ಸೆಟ್ಟು, ಟ್ಯೂನು, ಕ್ಯಾಸೆಟ್ಟು. ಇವುಗಳ ಕೊನೆಯನ್ನು ಗಮನಿಸಿರಿ. ವ್ಯಂಜನದಲ್ಲಿ ಮುಗಿಯುವ ಶಬ್ದಕ್ಕೆ ಕನ್ನಡವು ಉಕಾರವನ್ನು ಕೂಡಿಸುತ್ತದೆ. ಅಷ್ಟೇ ಅಲ್ಲ, ಹಿಂದಿನ ಸ್ವರ ಹ್ರಸ್ವವಾದರೆ ವ್ಯಂಜನವನ್ನು ಇಮ್ಮಡಿಸಿ ಪಿನ್ನು, ಸೆಟ್ಟು, ಕ್ಯಾಸೆಟ್ಟು ಎನ್ನುತ್ತದೆ, ದೀರ್ಘವಾದರೆ ಇಮ್ಮಡಿಸದೆ ಪ್ಲೇಟು, ಟ್ಯೂನು ಎನ್ನುತ್ತದೆ. ಈ ನಿಯಮವನ್ನು ಯಾವ ಪಂಡಿತರೂ ಸಭೆ ಸೇರಿ ಮಾಡಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ನಾಲಗೆಯೂ ಇದನ್ನು ತಪ್ಪದೆ ನಡೆಸಿತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಸ್ಕೃತ ಶಬ್ದಗಳು ಕನ್ನಡದಲ್ಲಿ ರೂಪ ಬದಲಿಸುವ ಬಗೆಯನ್ನು ವಿವರಿಸಲು ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದನು. ಅವನು ಇಂದು ಶಿಕಾರಿಪುರದ ಸಂತೆಗೆ ಬಂದು ನಿಂತರೆ ಆ ಪ್ರಕರಣಕ್ಕೆ ಇನ್ನೊಂದು ಅಧ್ಯಾಯವನ್ನು ಸಂತೋಷದಿಂದ ಬರೆದಾನು.

ರೂಪದಲ್ಲಿ ಒಗ್ಗಿದ ಶಬ್ದವು ಅರ್ಥದಲ್ಲಿಯೂ ಬೇರೂರಿತು. ಮಾತು ಬದಲಿಸಿದವನನ್ನು ಕುರಿತು “ಪ್ಲೇಟು ತಿರುವಿ ಹಾಕಿದ” ಎನ್ನುತ್ತೇವೆ. ಇನ್ನೊಬ್ಬರನ್ನು ಜಗಳಕ್ಕೆ ಎತ್ತಿಕಟ್ಟುವವನನ್ನು ಕುರಿತು “ಕೀ ಕೊಟ್ಟ” ಎನ್ನುತ್ತೇವೆ. ಗ್ರಾಮಾಫೋನಿಗೂ ಗಡಿಯಾರಕ್ಕೂ ಕೀ ಕೊಡುವ ಕಾಲ ಹೋಗಿ ಎಷ್ಟೋ ವರ್ಷಗಳಾದುವು. ಮನುಷ್ಯರಿಗೆ ಕೀ ಕೊಡುವ ವಿದ್ಯೆ ಮಾತ್ರ ಕುಂದಿಲ್ಲ! ಹೇಳಿದ್ದನ್ನೇ ಹೇಳುವವನಿಗೆ “ಹಾಡಿದ್ದೇ ಹಾಡೋ ಕಿಸುಬಾಯಿ ದಾಸ” ಎಂಬ ಹಳೆಯ ಗಾದೆಯಿದ್ದರೂ, ಅದರ ಪಕ್ಕದಲ್ಲಿ ಸವೆದ ರೆಕಾರ್ಡಿನ ಉಪಮೆಯೂ ಬಂದು ಕುಳಿತಿತು. ಇಂಥ ಶಬ್ದಗಳನ್ನು ಪರಕೀಯವೆನ್ನುವುದು ಶಿಕಾರಿಪುರವನ್ನು ಪರಕೀಯವೆಂದಂತೆಯೇ ಸರಿ. ಧ್ವನಿಮುದ್ರಿಕೆ, ಧ್ವನಿವರ್ಧಕ, ಧ್ವನಿಸುರುಳಿ ಎಂಬ ಗಂಭೀರವಾದ ಶಬ್ದಗಳನ್ನು ನಮ್ಮವರು ಕಟ್ಟಿದರು. ಅವು ಆಹ್ವಾನಪತ್ರಿಕೆಗಳಲ್ಲಿ ಮರ್ಯಾದೆಯಿಂದ ಬಾಳುತ್ತಿವೆ. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಸ್ಥಾಪಿಸಿದ ಬಾನುಲಿ ಕೇಂದ್ರಕ್ಕೆ ಒಪ್ಪಿದ ಆಕಾಶವಾಣಿಯೆಂಬ ಹೆಸರು ಬಳಿಕ ಇಡೀ ಭಾರತದ ಬಾನುಲಿಗೆ ನಿಂತಿತು. ಆದರೂ ಮನೆಯ ಗೂಡಿನಲ್ಲಿ ಕುಳಿತ ಪೆಟ್ಟಿಗೆ ರೇಡಿಯೋ ಎಂಬ ಹೆಸರಿನಿಂದಲೇ ಉಳಿಯಿತು. ಸಂಸ್ಥೆಗೆ ಒಂದು ಹೆಸರು, ಸಾಮಾನಿಗೆ ಒಂದು ಹೆಸರು. ಇದರಲ್ಲಿ ಜಗಳಕ್ಕೆ ಎಡೆಯಿಲ್ಲ.

ಇಂಗ್ಲಿಷಿನಿಂದ ಹಾಡನ್ನೇ ತಂದವರೂ ನಮ್ಮಲ್ಲಿದ್ದರು. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪ್ರಕಟವಾಯಿತು. ಹೆಸರಿನಲ್ಲಿ ಇಂಗ್ಲಿಷು, ಒಳಗೆ ತಿಳಿಗನ್ನಡ. ಟಿ. ಪಿ. ಕೈಲಾಸಂ ಅವರು ಇಂಗ್ಲಿಷ್ ಸೈನಿಕರ ನಡಿಗೆಯ ಹಾಡಿನ ಧಾಟಿಯನ್ನು ಹಿಡಿದು ತಿಪ್ಪಾರಹಳ್ಳಿಯೆಂಬ ಕನ್ನಡದ ಹಳ್ಳಿಯನ್ನು ಹಾಡಿದರು. ಇಂಗ್ಲಿಷ್ ಮಾತನ್ನು ಕನ್ನಡದ ಮಾತಿನೊಳಗೆ ಬೆರಸಿ, ಹಾಗೆ ಬೆರಸಿ ಆಡುವ ನಮ್ಮನ್ನೇ ನೋಡಿ ನಾವು ನಗುವಂತೆ ಮಾಡಿದರು. 1978ರಲ್ಲಿ ಬಂದ ‘ಆಪರೇಷನ್ ಡೈಮಂಡ್ ರಾಕೆಟ್’ ಎಂಬ ಚಿತ್ರದಲ್ಲಿ ರಾಜ್‌ಕುಮಾರ್ ಅವರು ಒಂದು ಹಾಡನ್ನು ಇಂಗ್ಲಿಷಿನಲ್ಲಿಯೇ ಹಾಡಿದರು. ಕೇಳಿದ ಕನ್ನಡಿಗರು ಮುನಿಯಲಿಲ್ಲ, ಮನೆಮನೆಯಲ್ಲಿ ಗುನುಗಿದರು. ಹಾಡುವವನು ನಮ್ಮವನೆಂಬ ನಂಬಿಕೆ ಗಟ್ಟಿಯಾಗಿದ್ದಾಗ ನಾಲ್ಕು ಸಾಲು ಇಂಗ್ಲಿಷು ಏನನ್ನೂ ಕೆಡಿಸಲಾರದು.

ಇಷ್ಟು ಹೇಳಿದ ಮೇಲೆ, ಕೊರಗಿಗೆ ಕಾರಣವೇ ಇಲ್ಲವೆಂದು ನಾವು ಹೇಳುತ್ತಿರುವೆವೆಂದು ಯಾರೂ ಭಾವಿಸಬಾರದು. ಕಾರಣ ಉಂಟು. ಆದರೆ ಅದಿರುವುದು ನಾಮಪದದಲ್ಲಲ್ಲ, ಕ್ರಿಯಾಪದದಲ್ಲಿ.

ಪ್ಲೇಟು, ಮೈಕು, ಕ್ಯಾಸೆಟ್ಟುಗಳು ಬಂದಾಗ ಅವುಗಳನ್ನು ಆಳುತ್ತಿದ್ದ ಕ್ರಿಯೆಗಳು ನಮ್ಮವೇ ಆಗಿದ್ದುವು: ಹಾಕು, ತೆಗೆ, ತಿರುಗಿಸು, ಹಚ್ಚು, ನಿಲ್ಲಿಸು. ಈಗ ನಗರದ ಮಾತಿನಲ್ಲಿ “ಲಿಸನ್ ಮಾಡು, ಎಂಜಾಯ್ ಮಾಡು, ಪ್ರಾಕ್ಟೀಸ್ ಮಾಡು, ಫೀಲ್ ಆಗು, ಟಚ್ ಆಗು” ಎಂದು ಕೇಳುತ್ತೇವೆ. ಕೇಳು, ಸವಿ, ನಲಿ, ಮರುಗು, ಮಿಡಿ, ಕರಗು ಎಂಬ ಬೇರೆಬೇರೆ ಬಣ್ಣದ ಕ್ರಿಯೆಗಳೆಲ್ಲ ಮಾಡು, ಆಗು ಎಂಬ ಎರಡು ಆಳುಗಳ ಪಾಲಿಗೆ ಬಂದಿವೆ. ಹೊಸ ವಸ್ತುವಿಗೆ ಹೊಸ ಹೆಸರು ಬೇಕು; ಅದು ನ್ಯಾಯ. ಆದರೆ ಮರುಗುವುದು ಹೊಸ ವಸ್ತುವೇ? ಅಕ್ಕಮಹಾದೇವಿ ಮರುಗಲಿಲ್ಲವೇ? ಇರುವ ಶಬ್ದವನ್ನು ಎತ್ತಿಟ್ಟು ಎರವಿನ ಶಬ್ದವನ್ನು ತೊಟ್ಟಾಗ, ಆ ಇದ್ದ ಶಬ್ದದ ಸಂಗಡ ಅದರ ಅನುಭವದ ಸೂಕ್ಷ್ಮವೂ ಪೆಟ್ಟಿಗೆಯ ತಳ ಸೇರುತ್ತದೆ.

ಈ ಶಬ್ದಗಳಲ್ಲೆಲ್ಲ ಅತ್ಯಂತ ವಿಚಾರಾರ್ಹವಾದುದು ಸಾಂಗು. ಕನ್ನಡದಲ್ಲಿ ಹಾಡು ಎಂಬುದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಹಳಗನ್ನಡದ ಪಾಡು ಕಾಲದಿಂದಲೂ ಹಾಗೆಯೇ. ಹಾಡು ಎಂದೊಡನೆ ಒಂದು ವಸ್ತುವಿನ ಹೆಸರನ್ನು ಹೇಳಿದಂತೆಯೂ ಆಗುತ್ತದೆ, ಎದುರಿನವನಿಗೆ “ನೀನು ಹಾಡು” ಎಂದು ಅಪ್ಪಣೆ ಕೊಟ್ಟಂತೆಯೂ ಆಗುತ್ತದೆ. ಹಳ್ಳಿಗಾಡಿನ ಬಳಕೆ ಇನ್ನೂ ಚೆಲುವಾದುದು. ಅಲ್ಲಿ ಪದವೆಂದರೆ ಶಬ್ದವೂ ಹೌದು, ಹಾಡೂ ಹೌದು: ಕೋಲಾಟದ ಪದ, ಲಾವಣಿಯ ಪದ, ತತ್ತ್ವಪದ. ಪದವನ್ನು ಹಾಡುವುದಕ್ಕೆ “ಪದ ಹೇಳು” ಎನ್ನುವರು. ಆಲಿಸುವುದಕ್ಕೆ “ಪದ ಕೇಳು” ಎನ್ನುವರು. ಕೇಳುವುದೆಂದರೆ ಕನ್ನಡದಲ್ಲಿ ಆಲಿಸುವುದು ಮಾತ್ರವಲ್ಲ, ಬೇಡುವುದೂ ಹೌದು. ಪ್ಲೇಟು ಬರುವುದಕ್ಕೆ ಮೊದಲು ಹಾಡನ್ನು ಕೇಳಬೇಕಾದರೆ ಒಬ್ಬ ಮನುಷ್ಯನನ್ನು ಕೇಳಲೇಬೇಕಾಗಿತ್ತು. ಅಜ್ಜಿಯನ್ನೋ ನೆರೆಯಾಕೆಯನ್ನೋ “ಒಂದು ಪದ ಹೇಳಬ್ಬೆ” ಎಂದು ಬೇಡದೆ ಹಾಡು ಒದಗುತ್ತಿರಲಿಲ್ಲ.

ಸಾಂಗು ಎಂಬ ಶಬ್ದಕ್ಕೆ ಈ ಬಾಂಧವ್ಯವಿಲ್ಲ. ಸಾಂಗನ್ನು ಹಾಕುತ್ತಾರೆ, ಕಳುಹಿಸುತ್ತಾರೆ, ಅಳಿಸುತ್ತಾರೆ. ಕೆಲವು ವರ್ಷಗಳ ಹಿಂದೆ ಸಣ್ಣ ಪೇಟೆಗಳಲ್ಲಿಯೂ ಮೊಬೈಲಿನ ಚೀಟಿಯಗಲದ ಕಾರ್ಡಿಗೆ ನೂರಾರು ಹಾಡುಗಳನ್ನು ತುಂಬಿಸಿ ಕೊಡುವ ಅಂಗಡಿಗಳಿದ್ದುವು. ಹಾಡು ಎದೆಯಲ್ಲಿ ತುಂಬುವ ಬದಲು ಕಾರ್ಡಿನಲ್ಲಿ ತುಂಬಿತು. ನ್ಯಾಯವಾಗಿ ಹೇಳಬೇಕೆಂದರೆ, “ಹಾಡು ಹಾಕು” ಎಂದು ಅಚ್ಚಕನ್ನಡದಲ್ಲಿ ಹೇಳಿದರೂ ಫಲ ಅದೇ. ಆದುದರಿಂದ ಅಪರಾಧವನ್ನು ಇಂಗ್ಲಿಷಿನ ತಲೆಯ ಮೇಲೆ ಹೊರಿಸಲಾಗದು. ನಾವು ಹಾಡುವವರಿಂದ ಹಾಕುವವರಾದೆವು. ಸಾಂಗು ಎಂಬ ಶಬ್ದ ಆ ಬದಲಾವಣೆಯ ಗುರುತು ಮಾತ್ರ. ಹಾಡು “ಹಿಟ್ಟಾಯಿತು” ಎನ್ನುವವರನ್ನು ಕೇಳಿ ನಮ್ಮ ಹಿರಿಯರು ನಗುವುದುಂಟು: ರಾಗಿ ಹಿಟ್ಟಾಗಲು ಬೀಸುವ ಕೈ ಬೇಕು, ಬೀಸುವ ಕೈಗೆ ಹಾಡುವ ಬಾಯಿ ಬೇಕು, ಈ ಹಿಟ್ಟಿಗೆ ಎರಡೂ ಬೇಡ!

ಹಾಗೆಂದು ಧ್ವನಿಮುದ್ರಿಕೆಯಿಂದ ಕನ್ನಡಕ್ಕೆ ಆದ ಉಪಕಾರವನ್ನು ಮರೆತರೆ ಕೃತಘ್ನತೆಯಾದೀತು. ಬಳ್ಳಿಗಾವೆ, ಉಡುತಡಿಗಳ ಹನ್ನೆರಡನೆಯ ಶತಮಾನದ ನುಡಿಯನ್ನು ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಹಿಂದುಸ್ತಾನಿಯ ರಾಗಗಳಲ್ಲಿ ಹಾಡಿ ನಾಡಿಗೆಲ್ಲ ಕೇಳಿಸಿದರು. ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರೊಡನೆ ಕವಿಗಳ ಗೀತಗಳನ್ನೂ ಹಳ್ಳಿಯ ಪದಗಳನ್ನೂ ಒಂದೇ ವೇದಿಕೆಗೆ ತಂದರು. ಶಿಕಾರಿಪುರ ತಾಲ್ಲೂಕಿನ ಈಸೂರು 1942ರ ಚಳವಳಿಯಲ್ಲಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡು, ಐವರು ಮಕ್ಕಳನ್ನು ಗಲ್ಲಿಗೆ ಕೊಟ್ಟ ಊರು. ಆ ಊರಿನಲ್ಲಿ 1926ರಲ್ಲಿ ಜನಿಸಿದ ಜಿ. ಎಸ್. ಶಿವರುದ್ರಪ್ಪನವರು 1951ರಲ್ಲಿ ‘ಸಾಮಗಾನ’ವನ್ನು ಪ್ರಕಟಿಸಿ, 2006ರಲ್ಲಿ ರಾಷ್ಟ್ರಕವಿಗಳಾಗಿ, 2013ರಲ್ಲಿ ತೀರಿಕೊಂಡರು. ಅವರ ಕವನಗಳು ಪುಸ್ತಕದ ಪುಟದಿಂದ ಹೊರಟು ಸಿ. ಅಶ್ವತ್ಥ್ ಮೊದಲಾದ ಗಾಯಕರ ಕೊರಳಿನಿಂದ ಅಕ್ಷರ ಬಾರದವರ ಮನೆಗೂ ಹೋದುವು. ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ದೂರದರ್ಶನ ವಾಹಿನಿಯಲ್ಲಿ ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’ ಎಂಬ ಸ್ಪರ್ಧೆಯ ಹೆಸರು ಶಿವರುದ್ರಪ್ಪನವರ ಒಂದು ಗೀತದಿಂದಲೇ ಬಂದುದು. ಅದೇ ಜಿಲ್ಲೆಯ ನಗರದವರಾದ ಶಿವಮೊಗ್ಗ ಸುಬ್ಬಣ್ಣನವರು ವಕೀಲಿವೃತ್ತಿಯ ಜೊತೆಗೆ ಹಾಡಿ, ‘ಕಾಡು ಕುದುರೆ’ಯ ಗೀತಕ್ಕಾಗಿ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗರಾದರು. 1978ರಲ್ಲಿ ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ಸಂಗೀತ ಕೂಡಿಸಿದ ‘ನಿತ್ಯೋತ್ಸವ’ವು ಕ್ಯಾಸೆಟ್ಟಿನ ರೂಪದಲ್ಲಿ ಬಂದು ಭಾವಗೀತವನ್ನು ಮನೆಮನೆಯ ಸ್ವತ್ತಾಗಿಸಿತು. ಭದ್ರಾವತಿಯ ಆಕಾಶವಾಣಿ 1965ರಿಂದ ಈ ಸೀಮೆಯ ಕಿವಿಗೆ ಇವೆಲ್ಲವನ್ನೂ ಮುಟ್ಟಿಸಿತು. ಈ ಗಾಯಕರು ಬಳಸಿದ ಉಪಕರಣದ ಹೆಸರುಗಳೆಲ್ಲ ಇಂಗ್ಲಿಷು. ಅವರು ಹಾಡಿದುದು ಕನ್ನಡ. ಅವರ ಹಾಡನ್ನು ಕೇಳಿದವರು ಮತ್ತೆ ತಾವೂ ಹಾಡಿಕೊಂಡರು. ಪ್ಲೇಟು ಹಾಡಿಗೆ ಆಳಾಗಿರುವವರೆಗೆ ಭಯವಿಲ್ಲ.

ಭಯವಿರುವುದು ಇನ್ನೊಂದು ಕಡೆ. ಸೊರಬ, ಸಾಗರದ ಕಡೆ ದೀಪಾವಳಿಯಲ್ಲಿ ಅಂಟಿಗೆ-ಪಂಟಿಗೆಯೆಂಬ ಪದ್ಧತಿಯುಂಟು. ಹಚ್ಚಿದ ದೀಪವನ್ನು ಆರದಂತೆ ಕಾಪಾಡಿಕೊಂಡು ಗಂಡಸರ ತಂಡವೊಂದು ರಾತ್ರಿಯೆಲ್ಲ ಊರೂರು ನಡೆದು, ಬಾಗಿಲು ಬಾಗಿಲಿನಲ್ಲಿ ನಿಂತು ಪದ ಹೇಳುತ್ತದೆ. ಮನೆಯಾಕೆ ಹೊರಗೆ ಬಂದು ಆ ದೀಪಕ್ಕೆ ಎಣ್ಣೆಯೆರೆಯುತ್ತಾಳೆ, ಕಾಣಿಕೆ ಕೊಡುತ್ತಾಳೆ, ಹರಕೆ ಪಡೆಯುತ್ತಾಳೆ. ಬಾಗಿಲು ತೆರೆಯುವವರೆಗೂ ಹಾಡು, ಎಣ್ಣೆಯೆರೆಯುವವರೆಗೂ ಹಾಡು. ಅದಕ್ಕೆ ಗಡಿಯಾರದ ಹಂಗಿಲ್ಲ. ಮದುವೆಯ ಹಸೆಗೆ ಹಾಡು, ಸಸಿ ನೆಡುವ ಗದ್ದೆಯಲ್ಲಿ ಹಾಡು, ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಯಲ್ಲಿ ಹಾಡು. ಗ್ರಾಮಾಫೋನಿನ ಹಳೆಯ ಪ್ಲೇಟಿನ ಒಂದು ಮಗ್ಗುಲಿನಲ್ಲಿ ಮೂರು ನಿಮಿಷಕ್ಕೆ ಮೀರಿದ ಹಾಡು ಹಿಡಿಸುವುದು ಕಷ್ಟವಾಗಿತ್ತು. ಆದುದರಿಂದ ಚಿಕ್ಕದಾಗಿ ಕತ್ತರಿಸಬಹುದಾದ ಹಾಡುಗಳು ಪ್ಲೇಟನ್ನು ಸೇರಿದುವು. ಬಾಗಿಲು ತೆರೆಯುವವರೆಗೆ ಹಾಡುವ ಹಾಡುಗಳು ಹೊರಗೇ ನಿಂತುವು. ಬಳಿಕ ಯಂತ್ರಗಳು ಗಂಟೆಗಟ್ಟಲೆ ಹಿಡಿಯುವಂತಾದರೂ, ಮೂರು ನಾಲ್ಕು ನಿಮಿಷದ ಹಾಡಿಗೆ ನಮ್ಮ ಕಿವಿ ಒಗ್ಗಿಹೋಗಿತ್ತು.

ಈ ಉದ್ದನೆಯ ಪದಗಳು ಹೋದರೆ ಏನು ನಷ್ಟವೆಂದು ಯಾರಾದರೂ ಕೇಳಬಹುದು. ನಷ್ಟ ಶಬ್ದಗಳದು. ಭತ್ತದ ತಳಿಗಳ ಹೆಸರು, ದನದ ಬಣ್ಣಗಳ ಹೆಸರು, ಮಳೆಯ ಬಗೆಗಳ ಹೆಸರು, ನಂಟಿನ ನೂರು ನಯದ ಮಾತು, ಇವು ಯಾವ ಇಂಗ್ಲಿಷ್ ಶಬ್ದದ ದಾಳಿಗೂ ಸಿಕ್ಕಿ ಸಾಯುವುವಲ್ಲ. ಅವುಗಳನ್ನು ಹೊತ್ತ ಹಾಡನ್ನು ಹಾಡುವವರಿಲ್ಲದಾಗ ತಾವಾಗಿ ಸಾಯುತ್ತವೆ. ಮದುವೆಯ ಚಪ್ಪರದಲ್ಲಿ ಮೈಕಿನ ಸೆಟ್ಟು ಗರ್ಜಿಸುತ್ತಿರುವಾಗ, ಹಸೆಯ ಬಳಿ ಕುಳಿತ ಮುದುಕಿಯರ ಕೊರಳು ಕೇಳಿಸದೆ ಹೋಗುತ್ತದೆ. ಕೇಳಿಸದಿದ್ದುದನ್ನು ಮೊಮ್ಮಗಳು ಕಲಿಯುವುದಿಲ್ಲ. ಒಂದು ತಲೆಮಾರಿನೊಳಗೆ ಹಾಡೂ ಹೋಗುತ್ತದೆ, ಪದವೂ ಹೋಗುತ್ತದೆ. ಪದವೆಂದರೆ ಇಲ್ಲಿ ಎರಡರ್ಥವೂ ಕೂಡುತ್ತದೆ.

ಇನ್ನೊಂದು ಅನ್ಯಾಯವನ್ನೂ ಹೇಳಬೇಕು. ಗೌಹರ್ ಜಾನ್ ತನ್ನ ಹೆಸರನ್ನು ತಾನೇ ಸಾರಿದಳೆಂದು ಆಗ ಹೇಳಿದೆವು. ಆ ಇಂಗ್ಲಿಷ್ ವಾಕ್ಯದಿಂದಾಗಿ ಇಂದಿಗೂ ಅವಳ ಹಾಡು ಅವಳದೆಂದು ತಿಳಿಯುತ್ತದೆ. ನಮ್ಮ ಹಳ್ಳಿಯ ಪದಗಳು ಧ್ವನಿಮುದ್ರಣ ಕಂಡಾಗ ರಾಗ ಕೂಡಿಸಿದವರ ಹೆಸರು ಬಂದಿತು, ನಗರದ ಗಾಯಕರ ಹೆಸರು ಬಂದಿತು, ಕಂಪನಿಯ ಹೆಸರು ದೊಡ್ಡದಾಗಿ ಬಂದಿತು. ಪದವನ್ನು ಬಾಯಿಂದ ಬಾಯಿಗೆ ಸಾಗಿಸಿ ತಂದ ಹೆಂಗಸಿನ ಹೆಸರಿನ ಜಾಗದಲ್ಲಿ ಬಹುಮಟ್ಟಿಗೆ “ಜಾನಪದ” ಎಂಬ ಒಂದೇ ಮಾತು ಬಂದಿತು. ಜನವೆಂದರೆ ಹೆಸರಿಲ್ಲದವರೇ? ಆ ಪದವನ್ನು ಹೇಳಿದಾಕೆಗೆ ಊರಿತ್ತು, ಮನೆಯಿತ್ತು, ಹೆಸರಿತ್ತು. ಪದವನ್ನು ಆಕೆಯಿಂದ ಕೇಳಿದವರು ಹೆಸರನ್ನು ಕೇಳಲಿಲ್ಲ.

ಆದುದರಿಂದ ಈ ಮಾತುಗಳಿಂದ ನಾವು ತೆಗೆಯುವ ಸಾರ ಇಷ್ಟು. ಹೊಸ ವಸ್ತುವಿನ ಸಂಗಡ ಬಂದ ಇಂಗ್ಲಿಷ್ ಶಬ್ದಕ್ಕೆ ಕನ್ನಡದ ಉಕಾರವನ್ನು ತೊಡಿಸಿ ಒಳಗೆ ಕರೆಯೋಣ; ಶಿಕಾರಿಪುರವೂ ಸೊರಬವೂ ಅದನ್ನು ಎಂದೋ ಮಾಡಿ ತೋರಿಸಿವೆ. ಎದೆಯ ಕ್ರಿಯೆಗಳಿಗೆ ನಮ್ಮಲ್ಲಿರುವ ಶಬ್ದಗಳನ್ನು ಎರವಿನವುಗಳಿಗೆ ಬಿಟ್ಟುಕೊಡದಿರೋಣ. ಎಲ್ಲಕ್ಕೂ ಮಿಗಿಲಾಗಿ, ಭಾಷೆಯನ್ನು ಕಾಯುವುದು ನಿಘಂಟಿಗಿಂತ ಹೆಚ್ಚಾಗಿ ಹಾಡುವ ಬಾಯಿಯೆಂಬುದನ್ನು ಮರೆಯದಿರೋಣ. ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಧ್ವನಿಯನ್ನು ಹಿಡಿಯುವ ಯಂತ್ರವಿದೆ. ಅದಕ್ಕೆ ಹ್ಯಾನೋವರಿಗೂ ಹೋಗಬೇಕಾಗಿಲ್ಲ, ಮೂರು ನಿಮಿಷದ ಕಟ್ಟೂ ಇಲ್ಲ. ಮನೆಯಲ್ಲಿ ಹಿರಿಯರಿರುವವರು ಈ ಹಬ್ಬದಲ್ಲಿ ಅವರನ್ನು ಒಂದು ಪದ ಕೇಳಲಿ. ಅದನ್ನು ಪೂರ್ತಿಯಾಗಿ, ಬಾಗಿಲು ತೆರೆಯುವವರೆಗೂ, ಮುದ್ರಿಸಿಕೊಳ್ಳಲಿ. ಮುಗಿದ ಮೇಲೆ ಹಾಡಿದವರು ತಮ್ಮ ಹೆಸರನ್ನೂ ಊರನ್ನೂ ತಾವೇ ಬಾಯಿಬಿಟ್ಟು ಹೇಳುವಂತೆ ಮಾಡಲಿ. ಬಳಿಕ ಯಂತ್ರವನ್ನು ಪಕ್ಕಕ್ಕಿಟ್ಟು ಅದೇ ಪದವನ್ನು ತಾವೂ ಒಮ್ಮೆ ಹೇಳಲಿ. ಸ್ವರ ತಪ್ಪಿದರೂ ಚಿಂತೆಯಿಲ್ಲ. ತಿದ್ದುವವರು ಎದುರಿನಲ್ಲಿಯೇ ಇದ್ದಾರೆ.